ತಲೆ ಎಲ್ಲಿದೆ ಮಾವ?

ಕಚೇರಿ ಮುಗಿಸಿ ಗ್ರಿಮ್ಮೈಶೆ ಬೀದಿಯುದ್ದಕ್ಕೂ ನಡೆದು, ಔಗುಸ್ಟುಸ್ ಚೌಕದಲ್ಲಿ ಟ್ರಾಮ್ ಹತ್ತುವುದು ಜರ್ಮನಿಯ ಲೈಪ್‌ಜಿಗ್‌ನಲ್ಲಿ ನನ್ನ ಆರು ವರ್ಷದ ವಾಡಿಕೆ. ಆ ಬೀದಿಯಲ್ಲಿ, ಸಮಕಾಲೀನ ಇತಿಹಾಸದ ವಸ್ತುಸಂಗ್ರಹಾಲಯದ ಎದುರು, ಆಳೆತ್ತರ ಮೀರಿದ ಒಂದು ಕಂಚಿನ ಆಕೃತಿ ದಾಪುಗಾಲು ಹಾಕಿ ನಿಂತಿದೆ. ಬಂದ ಹೊಸದರಲ್ಲಿ ಅದನ್ನು ನೋಡಿದರೆ ನಗು ಬರುತ್ತಿತ್ತು. ಬಸ್ ತಪ್ಪಿಸಿಕೊಂಡವನೊಬ್ಬ ಕೈ ಚಾಚಿ ಓಡುತ್ತಿರುವಂತಿತ್ತು. ಬರಬರುತ್ತಾ ಆ ನಗುವೂ ಹೋಗಿ, ಅದು ದಾರಿಯ ದೀಪದ ಕಂಬಗಳಲ್ಲಿ ಒಂದಾಯಿತು.

ಕಳೆದ ಮೇ ತಿಂಗಳಲ್ಲಿ ಅಪ್ಪ ಅಮ್ಮನ ಜೊತೆ ಅಕ್ಕನ ಮಗನೂ ಶಿವಮೊಗ್ಗದಿಂದ ಬಂದ. ಎಂಟನೆಯ ತರಗತಿ, ಬಾಯಿ ಮುಚ್ಚದ ವಯಸ್ಸು. ಹಿರಿಯರಿಬ್ಬರೂ ಚಳಿಯೆಂದು ಮನೆಯಲ್ಲೇ ಉಳಿದ ದಿನ ಅವನೊಬ್ಬನನ್ನೇ ಪೇಟೆಗೆ ಕರೆದುಕೊಂಡು ಹೋದೆ. ಆಕೃತಿಯನ್ನು ಒಂದು ಸುತ್ತು ಹಾಕಿ ಬಂದು ಕೇಳಿದ: "ತಲೆ ಎಲ್ಲಿದೆ ಮಾವ?"

ಆರು ವರ್ಷದಲ್ಲಿ ನಾನು ಅದನ್ನು ಹುಡುಕಿರಲೇ ಇಲ್ಲ. ಹತ್ತಿರ ಹೋಗಿ ನೋಡಿದರೆ ಇದೆ. ಆಮೆ ಚಿಪ್ಪಿನೊಳಗೆ ಕತ್ತು ಎಳೆದುಕೊಂಡ ಹಾಗೆ, ಪುಟ್ಟ ತಲೆಯೊಂದು ಎದೆಯೊಳಗೆ ಹುದುಗಿದೆ. ಉಳಿದದ್ದೆಲ್ಲ ಬರೀ ಕೈಕಾಲು. ಬಲಗೈ ಹಿಟ್ಲರನ ಕಾಲದ ವಂದನೆಯಂತೆ ನೇರ ಚಾಚಿದೆ, ಎಡಗೈ ಕಾರ್ಮಿಕರ ಮೆರವಣಿಗೆಯವರಂತೆ ಮುಷ್ಟಿ ಬಿಗಿದಿದೆ. ಒಂದು ಕಾಲಿಗೆ ಸೈನಿಕನ ಸಮವಸ್ತ್ರ ಮತ್ತು ಬೂಟು, ಇನ್ನೊಂದು ಬಿಳಿ ಬಣ್ಣದ ಬರಿಗಾಲು. ನಾಲ್ಕೂ ಅಂಗಗಳು ನಾಲ್ಕು ಯಜಮಾನರ ಆಳುಗಳಂತೆ ದುಡಿಯುತ್ತಿವೆ, ತಲೆಯನ್ನು ಕೇಳುವವರಿಲ್ಲ.

ಇದರ ಜರ್ಮನ್ ಹೆಸರು ‘ಯಾರ್‌ಹುಂಡರ್ಟ್‌ಶ್ರಿಟ್’, ಶತಮಾನದ ಹೆಜ್ಜೆ. ಮಾಡಿದವನು ವೋಲ್ಫ್‌ಗಾಂಗ್ ಮಾಟ್ಟ್‌ಹಾಯರ್. 1927ರಲ್ಲಿ ಹುಟ್ಟಿದವನು, ಅಂದರೆ ಬಾಲ್ಯವೆಲ್ಲ ಹಿಟ್ಲರನ ಆಳ್ವಿಕೆಯಲ್ಲಿ, ಯೌವನದಿಂದ ಮುಪ್ಪಿನವರೆಗೆ ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿ. ಆ ಎರಡು ಕೈಗಳನ್ನೂ ಅವನು ಪುಸ್ತಕ ಓದಿ ತಿಳಿದುಕೊಂಡಿದ್ದಲ್ಲ. ಮುಖ್ಯವಾಗಿ ಅವನು ಚಿತ್ರಕಾರ. ‘ಸನ್ಮಾನಿತೆ’ ಎನ್ನಬಹುದಾದ ಅವನ 1970ರ ದಶಕದ ಚಿತ್ರವೊಂದಿದೆ: ಬಿಳಿ ಮೇಜುವಸ್ತ್ರದ ಮುಂದೆ ಕುಳಿತ ಒಬ್ಬ ಕೆಲಸಗಾರ್ತಿ, ಮೇಜಿನ ಮೇಲೆ ಟ್ಯೂಲಿಪ್ ಹೂಗಳು, ಮುಖದಲ್ಲಿ ದಣಿವು ಬಿಟ್ಟರೆ ಇನ್ನೇನೂ ಇಲ್ಲ. ಸರ್ಕಾರ ಬಯಸುತ್ತಿದ್ದ ನಗುಮುಖದ ಕಾರ್ಮಿಕಳ ಜಾಗದಲ್ಲಿ ಇವಳನ್ನು ಕೂರಿಸಿದವನಿಗೆ ಧೈರ್ಯ ಇರಲಿಲ್ಲ ಎನ್ನಲಾಗದು.

ಶತಮಾನದ ಹೆಜ್ಜೆಯನ್ನು ಗಾರೆಯಲ್ಲಿ ರೂಪಿಸಿದ್ದು 1984ರಲ್ಲಿ. ಕಂಚಿನ ಎರಕ ಆಮೇಲಿನದು. ಬಾನ್‌ನಲ್ಲೂ ಪಾಟ್ಸ್‌ಡಾಮ್‌ನಲ್ಲೂ ಇದರ ಎರಕಗಳಿವೆ. ನಾಜಿವಾದದ ಬೇರನ್ನು ನಾವು ಕಿತ್ತೊಗೆದಿದ್ದೇವೆ, ಅದೇನಿದ್ದರೂ ಬರ್ಲಿನ್ ಗೋಡೆಯ ಆಚೆಯ ಪಶ್ಚಿಮ ಜರ್ಮನಿಯವರ ರೋಗ ಎಂದು ಹೇಳಿಕೊಳ್ಳುತ್ತಿದ್ದ ದೇಶದಲ್ಲಿ, ಚಾಚಿದ ಕೈ ಮತ್ತು ಬಿಗಿದ ಮುಷ್ಟಿಯನ್ನು ಒಂದೇ ಮೈಗೆ ಅಂಟಿಸುವುದು ತಮಾಷೆಯಲ್ಲ. ಆದರೂ 1987-88ರಲ್ಲಿ ಡ್ರೆಸ್ಡನ್‌ನ ರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಇದನ್ನು ಇಟ್ಟರು. ನನಗೆ ಇದು ಆಕೃತಿಗಿಂತಲೂ ವಿಚಿತ್ರವಾಗಿ ಕಾಣುತ್ತದೆ. ತಡೆಯುವ ಅಧಿಕಾರ ಇದ್ದವರಿಗೆ ತಡೆಯುವ ಹುಮ್ಮಸ್ಸೇ ಬತ್ತಿತ್ತೇನೋ. 1988ರಲ್ಲಿ ಮಾಟ್ಟ್‌ಹಾಯರ್ ಆಳುವ ಕಮ್ಯುನಿಸ್ಟ್ ಪಕ್ಷವನ್ನೇ ಬಿಟ್ಟ. ಮೂವತ್ತು ವರ್ಷ ಒಳಗಿದ್ದು ಆಗ ಹೊರಬಂದನಲ್ಲ ಎಂದು ಮೂಗು ಮುರಿಯುವವರು ಇಲ್ಲಿ ಈಗಲೂ ಇದ್ದಾರೆ. ನನಗಂತೂ ಹೊರಗೆ ನಿಂತು ಬೈದವನಿಗಿಂತ ಒಳಗಿದ್ದು ಉಸಿರು ಕಟ್ಟಿದವನ ಕೈಯಿಂದಲೇ ಇಂಥ ಆಕೃತಿ ಬಂದೀತು ಅನ್ನಿಸುತ್ತದೆ.

ಮರುವರ್ಷ ಅಕ್ಟೋಬರ್ 9ರಂದು ಇಲ್ಲಿಂದ ಕೂಗಳತೆಯ ನಿಕೊಲಾಯ್ ಚರ್ಚಿನಲ್ಲಿ ಸೋಮವಾರದ ಶಾಂತಿ ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ಸರ್ಕಾರದ ವಿರುದ್ಧ ಬೀದಿಗಿಳಿದರು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಅಂದು ಆ ಗುಂಪಿನಲ್ಲಿದ್ದವರು. ಆಸ್ಪತ್ರೆಗಳಲ್ಲಿ ರಕ್ತ ಕೂಡಿಟ್ಟುಕೊಂಡಿದ್ದಾರೆ ಎಂಬ ಸುದ್ದಿ ಕೇಳಿ ಅವರ ತಾಯಿ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದರಂತೆ. ಗುಂಡು ಹಾರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬರ್ಲಿನ್ ಗೋಡೆ ತೆರೆಯಿತು.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಅರ್ಧ ಕೇಳಿಸಿಕೊಂಡ. "ಒಂದು ಫೋಟೋ ತೆಗಿ ಮಾವ" ಎಂದು ಪಕ್ಕದಲ್ಲಿ ನಿಂತು, ನಾನು ಮೊಬೈಲ್ ಎತ್ತುವಷ್ಟರಲ್ಲಿ ಆಕೃತಿಯಂತೆಯೇ ಕಾಲು ಅಗಲಿಸಿ ಬಲಗೈ ಚಾಚಿಬಿಟ್ಟ. ನಾನು ಹಾರಿ ಹೋಗಿ ಕೈ ಎಳೆದು ಇಳಿಸಿದೆ. ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ನಮ್ಮನ್ನೇ ನೋಡುತ್ತಿದ್ದಳು. ಈ ನೆಲದಲ್ಲಿ ಆ ಸನ್ನೆ ಅಪರಾಧ, ಮೂರು ವರ್ಷದವರೆಗೆ ಜೈಲು ಆಗಬಹುದು ಎಂದು ಪಿಸುಗುಟ್ಟಿದೆ.

ಅವನ ಮುಖ ಸಪ್ಪಗಾಯಿತು. "ನಮ್ಮ ಶಾಲೆಯಲ್ಲಿ ದಿನಾ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹೀಗೇ ಅಲ್ವಾ ಕೈ ಚಾಚುವುದು?"

ಹೌದಲ್ಲ! ‘ಭಾರತ ನನ್ನ ದೇಶ’ ಎಂದು ಪ್ರತಿಜ್ಞೆ ಹೇಳುವಾಗ ನಾನೂ ಹತ್ತು ವರ್ಷ ಬಲಗೈ ಹಾಗೆಯೇ ಚಾಚಿದವನು. ತೋಳು ನೋಯುತ್ತದೆಂದು ಮುಂದಿನವನ ಹೆಗಲ ಮೇಲೆ ಇಟ್ಟು ಡ್ರಿಲ್ ಮಾಸ್ತರರಿಂದ ಏಟೂ ತಿಂದಿದ್ದೇನೆ. ಅದು ಬೇರೆ, ಇದು ಬೇರೆ ಎಂದೆ. "ಹೇಗೆ ಬೇರೆ?" ಎಂದ. ನಾನು ಐಸ್‌ಕ್ರೀಮ್ ಅಂಗಡಿಯ ಕಡೆ ನಡೆದೆ.

ದಾರಿಯಲ್ಲಿ ಮೇಡ್ಲರ್ ಪಸಾಜ್ ಎಂಬ ಅಂಗಡಿಸಾಲು ಸಿಕ್ಕಿತು. ಅಲ್ಲಿನ ನೆಲಮಾಳಿಗೆಯ ಹೋಟೆಲಿನ ಮೆಟ್ಟಿಲ ಬಳಿ ಗಯಟೆಯ ನಾಟಕದ ಫೌಸ್ಟ್ ಮತ್ತು ಸೈತಾನ ಮೆಫಿಸ್ಟೋ ಅವರ ಕಂಚಿನ ವಿಗ್ರಹಗಳಿವೆ. ಫೌಸ್ಟನ ಬೂಟು ಮುಟ್ಟಿದರೆ ಅದೃಷ್ಟವಂತೆ. ಮುಟ್ಟಿ ಮುಟ್ಟಿ ಅದು ದೇವಸ್ಥಾನದ ಗಂಟೆಯ ನಾಲಗೆಯಂತೆ ಹೊಳೆಯುತ್ತದೆ. ಹುಡುಗ ಎರಡೂ ಕೈಯಿಂದ ಉಜ್ಜಿದ, ಗಣಿತದ ಅಂಕಕ್ಕಂತೆ.

ವಾಪಸು ಬರುವಾಗ ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿ ಫೋಟೋ ತೆಗೆದೆ. ರಾತ್ರಿ ಅಕ್ಕ ಶಿವಮೊಗ್ಗದಿಂದ ಫೋನ್ ಮಾಡಿದಳು.

"ಫೋಟೋ ಚೆನ್ನಾಗಿದೆ ಕಣೋ. ಆದರೆ ಇವನು ಯಾಕೆ ಎರಡೂ ಕೈ ಜೇಬಿನಲ್ಲಿ ತುರುಕಿಕೊಂಡು ನಿಂತಿದ್ದಾನೆ? ಅಷ್ಟೊಂದು ಚಳಿಯಾ?"