ಜನರೇಟರ್ ಕೊಳ್ಳುವ ಮುಂಚೆ ಪಂಪಿನ ಲೆಕ್ಕ ಹಾಕಿ

ಚಿಕ್ಕ ಜನರೇಟರ್ ಕೊಳ್ಳುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಮನೆಯ ಸಾಮಾನಿನ ವ್ಯಾಟ್ ಎಲ್ಲ ಕೂಡಿಸುತ್ತಾರೆ, ಮೋಟರ್ ಶುರುವಾಗುವ ಗಳಿಗೆಯನ್ನು ಮರೆಯುತ್ತಾರೆ.

ಹತ್ತು ಎಲ್‌ಇಡಿ ಬಲ್ಬಿಗೆ 90 ವ್ಯಾಟ್, ನಾಲ್ಕು ಫ್ಯಾನಿಗೆ 300, ಟಿವಿಗೆ 100, ಫ್ರಿಜ್ಜಿಗೆ 200, ಒಂದು ಎಚ್‌ಪಿ ಪಂಪಿಗೆ ಸುಮಾರು 1,100. ಒಟ್ಟು 1,790. ಜನರೇಟರಿನ ಅಳತೆ ಕೆವಿಎಯಲ್ಲಿರುತ್ತದೆ, ಅದರಲ್ಲಿ ವ್ಯಾಟ್ ಆಗಿ ಸಿಗುವ ಪಾಲೇ ಪವರ್ ಫ್ಯಾಕ್ಟರ್. ಅದು 0.8 ಇರುವ 2.5 ಕೆವಿಎ ಸೆಟ್ಟು 2,000 ವ್ಯಾಟ್ ಕೊಡುತ್ತದೆ, ಸಾಕಲ್ಲ ಅನ್ನಿಸುತ್ತದೆ. ಸಾಲದು. ಪಂಪು ಶುರುವಾಗುವಾಗ ಕಡಿಮೆಯೆಂದರೂ ಮೂರು ಪಟ್ಟು ಎಳೆಯುತ್ತದೆ, ಅದೊಂದಕ್ಕೇ 3,300 ಬೇಕು. ಎಂಜಿನ್ ಸದ್ದು ಕುಗ್ಗುತ್ತದೆ, ಬಲ್ಬು ಮಂಕಾಗುತ್ತದೆ, ಪಂಪು ತಿರುಗದೆ ಗುಂಯ್ ಅನ್ನುತ್ತ ನಿಂತುಬಿಡುತ್ತದೆ. ವೋಲ್ಟೇಜ್ ಅರ್ಧಕ್ಕಿಳಿದರೆ ಮೋಟರಿನ ತಿರುಗಿಸುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ತಕ್ಷಣ ಆಫ್ ಮಾಡದಿದ್ದರೆ ವೈಂಡಿಂಗ್ ಸುಡುತ್ತದೆ.

ಇದಕ್ಕಾಗಿ 5 ಕೆವಿಎ ತರಬಹುದು. ಆದರೆ ದಿನಕ್ಕೆ ಹತ್ತು ನಿಮಿಷ ಓಡುವ ಪಂಪಿಗಾಗಿ ಅಷ್ಟು ದೊಡ್ಡ ಸೆಟ್ಟು, ಅಷ್ಟು ಪೆಟ್ರೋಲು ಯಾಕೆ? ಕರೆಂಟ್ ಇದ್ದಾಗಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಪಂಪು ಬಿಟ್ಟರೆ ಉಳಿಯುವುದು 690 ವ್ಯಾಟ್. ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವ ಹೊರೆ ಸೇರಿಸಿದರೂ 1,500ರ ಆಸುಪಾಸು. 2.5 ಕೆವಿಎ ಆರಾಮಾಗಿ ಎಳೆಯುತ್ತದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ 'ಮ್ಯಾಕ್ಸ್' ಅಂಕಿ ಅಲ್ಪ ಹೊತ್ತಿಗಷ್ಟೇ. 'ರೇಟೆಡ್' ಅಂಕಿಯನ್ನೇ ನಂಬಿ.

ಕಂಪ್ಯೂಟರಿನಂಥ ಸೂಕ್ಷ್ಮ ಸಾಮಾನಿದ್ದರೆ ಕರೆಂಟನ್ನು ಎಲೆಕ್ಟ್ರಾನಿಕ್ಸ್ ಮೂಲಕ ಸ್ಥಿರವಾಗಿಸಿ ಕೊಡುವ ಇನ್ವರ್ಟರ್ ಮಾದರಿಯ ಜನರೇಟರ್ ಒಳ್ಳೆಯದು. ಸಾಮಾನ್ಯ ಸೆಟ್ಟು ಕರೆಂಟಿನ ಫ್ರೀಕ್ವೆನ್ಸಿ 50 ಹರ್ಟ್ಸ್ ಇರಲು 3,000 ಆರ್‌ಪಿಎಂನಲ್ಲೇ (ನಿಮಿಷಕ್ಕೆ ಅಷ್ಟು ಸುತ್ತು) ಓಡಬೇಕು. ಹೊರೆ ಬಿದ್ದಾಗ ವೇಗ ತಗ್ಗಿ ಫ್ರೀಕ್ವೆನ್ಸಿ ಅಲುಗಾಡುತ್ತದೆ, ಯುಪಿಎಸ್ ಅದನ್ನು ಒಪ್ಪದೆ ಬ್ಯಾಟರಿಯ ಮೇಲೇ ಉಳಿಯುತ್ತದೆ.

ಮನೆಯ ವೈರಿಂಗಿಗೆ ಜೋಡಿಸುವಾಗ ಚೇಂಜ್‌ಓವರ್ ಸ್ವಿಚ್ ಕಡ್ಡಾಯ; ಮನೆಗೆ ಬೀದಿ ಲೈನು ಇಲ್ಲವೇ ಜನರೇಟರ್, ಎರಡರಲ್ಲಿ ಒಂದನ್ನೇ ಸೇರಿಸುವ ಸ್ವಿಚ್ ಅದು. ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಸಾಕೆಟ್ಟಿಗೆ ಚುಚ್ಚಿದರೆ ಕರೆಂಟ್ ಹಿಮ್ಮುಖವಾಗಿ ಬೀದಿ ತಂತಿಗೆ ಹೋಗುತ್ತದೆ. ಕಂಬದ ಮೇಲೆ ರಿಪೇರಿ ಮಾಡುತ್ತಿರುವವರ ಜೀವಕ್ಕೇ ಅಪಾಯ. ಸೆಟ್ಟು ಬಾಗಿಲು ಕಿಟಕಿಗಳಿಂದ 6 ಮೀಟರ್ ಆಚೆ, ಬಯಲಿನಲ್ಲಿರಲಿ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಹೊಸ ಸೆಟ್ಟು ಸಾಮಾನ್ಯವಾಗಿ ಎಂಜಿನ್ ಆಯಿಲ್ ಇಲ್ಲದೆ ಬರುತ್ತದೆ. ತುಂಬಿಸಿದ ಮೇಲೂ ಓರೆ ನೆಲದಲ್ಲಿಟ್ಟರೆ ಆಯಿಲ್ ಸೆನ್ಸರ್ ಎಂಜಿನ್ ನಿಲ್ಲಿಸುತ್ತದೆ. ಕೆಟ್ಟಿದೆಯೆಂದು ಬರುವ ಎಷ್ಟೋ ಕರೆಗಳು ಇಷ್ಟಕ್ಕೇ. ಉಳಿದವಕ್ಕೆ ಹೆಚ್ಚಾಗಿ ಕಾರಣ ಕಾರ್ಬ್ಯುರೇಟರ್: ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಅದರ ಜೆಟ್, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತು, ಮುಚ್ಚಿಕೊಳ್ಳುತ್ತದೆ. ಎತ್ತಿಡುವ ಮುಂಚೆ ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಮುಚ್ಚಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ.