ಬಿಪಿಯ ಕೆಳಗಿನ ಅಂಕಿ

ನಾನು ಡಯಾಲಿಸಿಸ್ ಘಟಕದಲ್ಲಿ, ಅಂದರೆ ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಸೋಸಿ ಮೈಯಲ್ಲಿ ಹೆಚ್ಚಾದ ನೀರು ತೆಗೆಯುವ ಕಡೆ ನರ್ಸ್. ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷ ಆಯಿತು. ಒಂದು ಪಾಳಿಯಲ್ಲಿ ಎಷ್ಟು ಸಲ ಬಿಪಿ ನೋಡಿ ಬರೆಯುತ್ತೇನೆ ಅಂತ ಲೆಕ್ಕ ಇಟ್ಟಿಲ್ಲ. ಶುರು ಮಾಡುವ ಮುಂಚೆ, ನಡುವೆ ಅರ್ಧ ಗಂಟೆಗೊಮ್ಮೆ, ಸೂಜಿ ತೆಗೆದ ಮೇಲೆ ಮತ್ತೊಮ್ಮೆ. ಇಷ್ಟೆಲ್ಲ ಬರೆದರೂ ಅದರಲ್ಲಿ ಅರ್ಧ ಭಾಗವನ್ನು ನಾನು ಓದುತ್ತಲೇ ಇರಲಿಲ್ಲ. ಅದು ತಿಳಿದಿದ್ದು ಏಳನೇ ವರ್ಷದಲ್ಲಿ.

ನಮ್ಮಲ್ಲಿಗೆ ವಾರಕ್ಕೆ ಮೂರು ದಿನ ಒಬ್ಬರು ಬರುತ್ತಿದ್ದರು. ವಯಸ್ಸು ಐವತ್ತರ ಆಸುಪಾಸು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹಾಳಾಗಿತ್ತು. ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಅವರ ಬಿಪಿ ಹೆಚ್ಚು ಕಡಿಮೆ ಯಾವಾಗಲೂ ಒಂದೇ ತರ: ಮೇಲೆ 170, ಕೆಳಗೆ 60. ಮೇಲಿನದನ್ನು ನೋಡಿ "ನೀರು ಜಾಸ್ತಿ ಆಗಿದೆ ಸರ್, ಸ್ವಲ್ಪ ಕಡಿಮೆ ಕುಡೀರಿ" ಅನ್ನುತ್ತಿದ್ದೆ. ಕೆಳಗಿನದನ್ನು ನೋಡಿ, ಇದಾದರೂ ಹತೋಟಿಯಲ್ಲಿದೆಯಲ್ಲ ಅಂತ ಸಮಾಧಾನ ಪಡುತ್ತಿದ್ದೆ.

ಒಂದು ದಿನ ಅವರು, "ಸಿಸ್ಟರ್, ಇತ್ತೀಚೆಗೆ ನಾಲ್ಕು ಹೆಜ್ಜೆ ಜೋರಾಗಿ ನಡೆದರೂ ದಮ್ಮು ಬರುತ್ತೆ" ಅಂದರು. ಅವತ್ತು ಅವರು ಬಂದಿದ್ದು ಎರಡು ದಿನದ ಬಿಡುವಿನ ನಂತರ. ತೂಕ ಮೂರು ಕೆಜಿ ಏರಿತ್ತು. ನೀರಿನಿಂದಲೇ ಹೀಗಾಗಿದೆ ಅಂತ ನನಗೆ ಅನುಮಾನವೇ ಇರಲಿಲ್ಲ. ನೀರು ತೆಗೆದೆವು, ಕಳಿಸಿದೆವು. ಮುಂದಿನ ವಾರವೂ ಅದೇ ಮಾತು, ಅದರ ಮುಂದಿನ ವಾರವೂ ಅದೇ. ನನ್ನ ಉತ್ತರವೂ ಬದಲಾಗಲಿಲ್ಲ.

ಮೂರನೇ ವಾರ ರೌಂಡ್ಸ್‌ಗೆ ಬಂದ ಹಿರಿಯ ಡಾಕ್ಟರ್ ಅವರನ್ನು ಬೇರೆಯೇ ಒಂದು ಪ್ರಶ್ನೆ ಕೇಳಿದರು. "ನೀರು ತೆಗೆದ ಮಾರನೇ ದಿನ ಹೇಗಿರುತ್ತೆ?"

"ಮಾರನೇ ದಿನವೂ ಹಾಗೇ ಡಾಕ್ಟ್ರೇ. ಏನೂ ವ್ಯತ್ಯಾಸ ಇಲ್ಲ."

ಎದೆನೋವು ಇದೆಯಾ ಅಂತ ಕೇಳಿದರು. ಇಲ್ಲ ಅಂದರು. ಡಾಕ್ಟರ್ ನನ್ನ ಕೈಯಿಂದ ಚಾರ್ಟ್ ತೆಗೆದುಕೊಂಡು ಹಾಳೆಗಳನ್ನು ಹಿಂದಕ್ಕೆ ಮಗುಚಿದರು. ಪ್ರತಿ ಬಿಪಿಯ ಪಕ್ಕ ಪೆನ್ಸಿಲ್‌ನಲ್ಲಿ ಒಂದೊಂದು ಅಂಕಿ ಬರೆದರು. 112, 108, 115. ಮೇಲಿನದರಿಂದ ಕೆಳಗಿನದನ್ನು ಕಳೆದಿದ್ದರು, ಅಷ್ಟೇ. "ಈ ಅಂತರ ನೋಡಿದ್ದೀರಾ ಸಿಸ್ಟರ್?" ಅಂದರು. ಬೈಯಲಿಲ್ಲ. ಆದರೂ ನನಗೆ ತಲೆ ಎತ್ತಲು ಆಗಲಿಲ್ಲ. ಆ ಅಂಕಿಗಳನ್ನೆಲ್ಲ ಬರೆದಿದ್ದು ನನ್ನದೇ ಕೈ.

ಎಕೋ ಮಾಡಿಸಿದಾಗ ಹೃದಯದ ಗೋಡೆ ದಪ್ಪವಾಗಿತ್ತು, ಒಂದು ಭಾಗ ಸರಿಯಾಗಿ ಆಡುತ್ತಿರಲಿಲ್ಲ. ಆಂಜಿಯೋಗ್ರಾಂನಲ್ಲಿ ಹೃದಯಕ್ಕೆ ರಕ್ತ ಕೊಡುವ ನಾಳ ಒಂದು ಕಡೆ ಬಹಳ ಕಿರಿದಾಗಿತ್ತು. ಬಣ್ಣ ಹಾಕುವ ಮುಂಚೆಯೇ ಆ ನಾಳದ ಗೆರೆ ಬಿಳಿಯಾಗಿ ಕಾಣುತ್ತಿತ್ತು. ಸುಣ್ಣ, ಅಂದರೆ ಕ್ಯಾಲ್ಸಿಯಂ ಕಟ್ಟಿಕೊಂಡಿತ್ತು. ಅವರಿಗೆ ಚಿಕಿತ್ಸೆ ಆಯಿತು. ಈಗಲೂ ಬರುತ್ತಾರೆ, ಕಿಟಕಿ ಪಕ್ಕದ ಹಾಸಿಗೆಯೇ ಬೇಕು ಅನ್ನುತ್ತಾರೆ.

ಆ ಅಂತರ ಏನು ಹೇಳುತ್ತದೆ ಅನ್ನೋದನ್ನು ನಾನು ಆಮೇಲೆ ಕೂತು ಕಲಿತೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಗಟ್ಟಿ ಪೈಪ್ ಅಲ್ಲ, ರಬ್ಬರ್ ಇದ್ದ ಹಾಗೆ. ಹೃದಯ ಒತ್ತಿದಾಗ ಅದು ಹಿಗ್ಗಿ ಸ್ವಲ್ಪ ರಕ್ತವನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಹೃದಯ ಸಡಿಲವಾದಾಗ ಕುಗ್ಗಿ ಆ ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಮೇಲಿನ ಬಿಪಿ ವಿಪರೀತ ಏರುವುದಿಲ್ಲ, ಕೆಳಗಿನದು ವಿಪರೀತ ಇಳಿಯುವುದಿಲ್ಲ. ನಾಳ ಬಿರುಸಾದರೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಮೇಲಿನದು ಏರುತ್ತದೆ, ಕೆಳಗಿನದು ಇಳಿಯುತ್ತದೆ.

ಇದರಲ್ಲಿ ಹೃದಯಕ್ಕೆ ಎರಡು ಕಡೆಯಿಂದ ಪೆಟ್ಟು. ಬಿರುಸಾದ ನಾಳದೊಳಗೆ ರಕ್ತ ತಳ್ಳಿ ತಳ್ಳಿ ಅದರ ಗೋಡೆ ದಪ್ಪವಾಗುತ್ತದೆ, ಅದಕ್ಕೆ ಜಾಸ್ತಿ ರಕ್ತ ಬೇಕಾಗುತ್ತದೆ. ಆದರೆ ಹೃದಯದ ಮಾಂಸಖಂಡಕ್ಕೆ ರಕ್ತ ಸಿಗುವುದು ಹೆಚ್ಚಾಗಿ ಅದು ಸಡಿಲವಾದ ಹೊತ್ತಿನಲ್ಲಿ. ಆ ಹೊತ್ತಿನ ಒತ್ತಡವೇ ಕೆಳಗಿನ ಅಂಕಿ. ನಾನು ನೋಡಿ ಸಮಾಧಾನ ಪಡುತ್ತಿದ್ದ ಆ 60, ಅವರ ಹೃದಯದ ಊಟ ಕಡಿಮೆಯಾಗುತ್ತಿದೆ ಅಂತ ಹೇಳುತ್ತಿತ್ತು. ಅಂತರ ಜಾಸ್ತಿ ಇದ್ದ ಮಾತ್ರಕ್ಕೆ ಬ್ಲಾಕ್ ಇದೆ ಅಂತಲ್ಲ, ವಯಸ್ಸಾದವರಲ್ಲಿ ಇದು ಎಷ್ಟೋ ಸಲ ಕಾಣುತ್ತದೆ. ಆದರೆ ಅದರ ಜೊತೆಗೆ ದಮ್ಮು ಸೇರಿದಾಗ ಸುಮ್ನೆ ಬಿಡಬಾರದಿತ್ತು. ಹಾಗಂತ ಯಾರೂ ಕೆಳಗಿನ ಅಂಕಿ ಕಡಿಮೆ ಇದೆ ಅಂತ ತಾವೇ ಬಿಪಿ ಮಾತ್ರೆ ನಿಲ್ಲಿಸಬೇಡಿ. ಅದನ್ನು ಡಾಕ್ಟರ್ ಹತ್ತಿರ ಕೂತು ಮಾತಾಡಿ.

ಕಿಡ್ನಿ ಕಾಯಿಲೆ ಇರುವವರ ನಾಳದಲ್ಲಿ ಎರಡು ಬಗೆಯ ತೊಂದರೆ ಒಟ್ಟಿಗೆ ಆಗುತ್ತದೆ. ಒಂದು ಎಲ್ಲರಿಗೂ ಗೊತ್ತಿರುವುದು: ಒಳಪದರದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗುವುದು. ಇನ್ನೊಂದು ನಡುವಿನ ಪದರದಲ್ಲಿ ಕ್ಯಾಲ್ಸಿಯಂ ಕೂರುವುದು. ಇದು ಪೈಪಿನೊಳಗೆ ಉಪ್ಪು ಕಟ್ಟಿದ ಹಾಗೆ ತನ್ನಷ್ಟಕ್ಕೆ ಆಗುವುದಲ್ಲ. ಊಟದಿಂದ ಬರುವ ಫಾಸ್ಫರಸ್ ಅನ್ನು ಕೆಟ್ಟ ಕಿಡ್ನಿ ಹೊರಹಾಕಲಾರದೆ ಅದು ರಕ್ತದಲ್ಲಿ ಜಾಸ್ತಿಯಾದರೆ ನಾಳದ ಗೋಡೆಯ ಸ್ನಾಯುವಿನ ಕೋಶಗಳು ಮೂಳೆಯ ಕೋಶಗಳಂತೆ ನಡೆದುಕೊಳ್ಳಲು ಶುರು ಮಾಡುತ್ತವೆ. ನಾಳವೇ ಮೂಳೆಯಾಗಲು ಹೊರಡುತ್ತದೆ. ಇದನ್ನು ಮೊದಲ ಸಲ ಓದಿದಾಗ ಮೈ ಜುಮ್ ಅಂದಿತ್ತು.

ಇದು ವಯಸ್ಸಾದವರ ಕಾಯಿಲೆ ಅಂದುಕೊಂಡಿದ್ದೆ. ಅದೂ ತಪ್ಪು. 2000ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಎಳೆಯರ ಹೃದಯದ ಸ್ಕ್ಯಾನ್ ಮಾಡಿದ್ದರು. 20ರಿಂದ 30 ವಯಸ್ಸಿನ 16 ಜನರಲ್ಲಿ 14 ಜನರ ಹೃದಯದ ನಾಳದಲ್ಲಿ ಕ್ಯಾಲ್ಸಿಯಂ ಇತ್ತು. ನಮ್ಮಲ್ಲೇ ಒಬ್ಬ ಹುಡುಗ ಬಿದ್ದು ಕೈಗೆ ಪೆಟ್ಟು ಮಾಡಿಕೊಂಡಿದ್ದ. ಎಕ್ಸ್‌ರೇ ನೋಡಿದರೆ ಮೂಳೆ ಮುರಿದಿರಲಿಲ್ಲ, ಆದರೆ ಮಣಿಕಟ್ಟಿನ ರಕ್ತನಾಳ ಎರಡು ಬಿಳಿ ಗೆರೆಯಾಗಿ ಎದ್ದು ಕಾಣುತ್ತಿತ್ತು. ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ರಕ್ತನಾಳ ಕಾಣುವುದೇ ಇಲ್ಲ. ಅವನಿಗೆ ಇನ್ನೂ ಮೂವತ್ತಾಗಿರಲಿಲ್ಲ.

ಆಮೇಲಿನಿಂದ ಫಾಸ್ಫರಸ್ ಬಗ್ಗೆ ನನ್ನ ಮಾತು ಬದಲಾಯಿತು. ಮುಂಚೆ "ಮೂಳೆಗೆ ಒಳ್ಳೇದಲ್ಲ" ಅಂತ ಹೇಳಿ ಮುಗಿಸುತ್ತಿದ್ದೆ. ಈಗ ಆ ಎಕ್ಸ್‌ರೇಯಲ್ಲಿ ಕಂಡಿದ್ದನ್ನು ಹೇಳುತ್ತೇನೆ. ಮಾತ್ರೆ ಹೇಗೆ ತಗೋತೀರಿ ಅಂತ ಕೇಳಿದರೆ ಎಷ್ಟೋ ಜನ ಬೆಳಗ್ಗೆ ಎಲ್ಲ ಮಾತ್ರೆ ಒಟ್ಟಿಗೆ ನುಂಗಿಬಿಡುತ್ತೇವೆ ಅನ್ನುತ್ತಾರೆ. ಫಾಸ್ಫರಸ್ ಹಿಡಿಯುವ ಮಾತ್ರೆ ಊಟದ ಜೊತೆಗೇ ಹೋಗಬೇಕು, ಯಾಕೆಂದರೆ ಅದು ಹಿಡಿಯುವುದು ಹೊಟ್ಟೆಯಲ್ಲಿರುವ ಊಟದ ಫಾಸ್ಫರಸ್ ಅನ್ನು. ಪ್ಯಾಕೆಟ್ ತಿಂಡಿ, ಬಾಟಲಿ ಪಾನೀಯಗಳಲ್ಲಿ ಕೆಡದಿರಲಿ ಅಂತ, ರುಚಿಗೆ ಅಂತ ಸೇರಿಸುವ ಫಾಸ್ಫೇಟ್ ಹೆಚ್ಚು ಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಕಾಳುಗಳಲ್ಲಿ ಇರುವುದು ಅಷ್ಟು ಸೇರುವುದಿಲ್ಲ. ಫಾಸ್ಫರಸ್ ಇಳಿಸಿದರೆ ಹೃದಯಾಘಾತ ಇಳಿಯುತ್ತದೆ ಅಂತ ದೊಡ್ಡ ಪ್ರಯೋಗಗಳು ಇನ್ನೂ ಸಾಬೀತು ಮಾಡಿಲ್ಲ, ನಿಜ. ಆದರೂ ಆ ಎಕ್ಸ್‌ರೇ ನೋಡಿದ ಮೇಲೆ ನನಗೆ ಕಾಯುವ ಮನಸ್ಸಿಲ್ಲ.

ವಾರಕ್ಕೊಂದು ದಿನ ನಾನು ಕಿಡ್ನಿ ಓಪಿಡಿಯಲ್ಲೂ ಇರುತ್ತೇನೆ. ಅಲ್ಲಿಗೆ ಬರುವವರು ಇನ್ನೂ ಡಯಾಲಿಸಿಸ್ ತನಕ ಬಂದವರಲ್ಲ. ಅವರ ಭಯವೆಲ್ಲ ಒಂದೇ: "ಕ್ರಿಯಾಟಿನಿನ್ ಎಷ್ಟಾಯ್ತು ಸಿಸ್ಟರ್? ಡಯಾಲಿಸಿಸ್ ಯಾವಾಗ ಬೇಕಾಗುತ್ತೆ?" ಕ್ರಿಯಾಟಿನಿನ್ ಅಂದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಳಿಸುವ ರಕ್ತಪರೀಕ್ಷೆಯ ಅಂಕಿ. ಹೃದಯದ ಬಗ್ಗೆ ಕೇಳುವವರೇ ಕಡಿಮೆ. ಆದರೆ ಅವರಲ್ಲಿ ಬಹಳ ಜನರಿಗೆ ಡಯಾಲಿಸಿಸ್‌ಗಿಂತ ಮೊದಲು ಎದುರಾಗುವ ಅಪಾಯ ಹೃದಯದ್ದೇ. 2004ರಲ್ಲಿ 11 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದ ಒಂದು ಅಧ್ಯಯನದಲ್ಲಿ, ಕಿಡ್ನಿ ರಕ್ತ ಸೋಸುವ ಪ್ರಮಾಣ ನಿಮಿಷಕ್ಕೆ 60 ಮಿಲಿಲೀಟರ್‌ಗಿಂತ ಕೆಳಗೆ ಇಳಿದಂತೆಲ್ಲ ಹೃದಯಾಘಾತ, ಪಾರ್ಶ್ವವಾಯು, ಸಾವು ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಕಂಡಿತು. ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಸೋರುತ್ತಿದ್ದರಂತೂ ಕ್ರಿಯಾಟಿನಿನ್ ಸರಿಯಿದ್ದರೂ ಅಪಾಯ ಇದೆ. ಅದು ಬಹಳ ಸುಲಭದ ಪರೀಕ್ಷೆ, ಆದರೂ ಎಷ್ಟೋ ಫೈಲ್‌ಗಳಲ್ಲಿ ಅದರ ರಿಪೋರ್ಟೇ ಇರುವುದಿಲ್ಲ. ಇಲ್ಲದಿದ್ದರೆ ಈಗ ನಾನೇ ಡಾಕ್ಟರ್‌ಗೆ ನೆನಪಿಸುತ್ತೇನೆ.

ಬೇಗ ಶುರು ಮಾಡುವುದು ಯಾಕೆ ಮುಖ್ಯ ಅನ್ನೋದಕ್ಕೆ ಕೊಲೆಸ್ಟ್ರಾಲ್ ಮಾತ್ರೆಯ ಕಥೆ ನೋಡಿ. ಕಿಡ್ನಿ ಕಾಯಿಲೆ ಇದ್ದವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಎಜೆಟಿಮೈಬ್ ಎರಡನ್ನೂ ಒಟ್ಟಿಗೆ ಕೊಟ್ಟು ನೋಡಿದ ಶಾರ್ಪ್ ಪ್ರಯೋಗದಲ್ಲಿ, 2011ರಲ್ಲಿ, ಕೊಬ್ಬು ಕಟ್ಟುವುದರಿಂದ ಆಗುವ ದೊಡ್ಡ ಅನಾಹುತಗಳು ಶೇಕಡ 17ರಷ್ಟು ಕಡಿಮೆಯಾದವು. ಆದರೆ ಡಯಾಲಿಸಿಸ್‌ಗೆ ಬಂದ ಮೇಲೆ ಹೊಸದಾಗಿ ಸ್ಟ್ಯಾಟಿನ್ ಕೊಟ್ಟು ನೋಡಿದ ಎರಡು ಪ್ರಯೋಗಗಳಲ್ಲಿ, 2005 ಮತ್ತು 2009ರಲ್ಲಿ, ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಅಷ್ಟು ಹೊತ್ತಿಗೆ ನಾಳದ ತೊಂದರೆ ಬರೀ ಕೊಬ್ಬಿನದಾಗಿ ಉಳಿದಿರುವುದಿಲ್ಲ. ಮುಂಚಿನಿಂದ ತೆಗೆದುಕೊಳ್ಳುತ್ತಿರುವವರು ಮುಂದುವರಿಸಬಹುದು ಅಂತಲೇ ಮಾರ್ಗಸೂಚಿ ಹೇಳುತ್ತದೆ. ಸಕ್ಕರೆ ಕಾಯಿಲೆಗೆ ಅಂತ ಬಂದ ಡಾಪಾಗ್ಲಿಫ್ಲೋಜಿನ್ ತರದ ಮಾತ್ರೆಗಳು ಈಗ ಕಿಡ್ನಿ, ಹೃದಯ ಎರಡನ್ನೂ ಕಾಯುತ್ತಿವೆ. 2020ರ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆ ಇಲ್ಲದವರಿಗೂ ಲಾಭ ಕಂಡಿತು. ನನಗೆ ಓಪಿಡಿಯಲ್ಲಿ ನಿಜವಾಗಿ ಖುಷಿ ಕೊಟ್ಟ ಸುದ್ದಿ ಇದು. ಸಿಗರೇಟ್ ಬಗ್ಗೆ ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ, ಬಿಡಲೇಬೇಕು.

ಘಟಕದಲ್ಲಿ ಈಗ ನಮ್ಮ ಚಾರ್ಟ್‌ನ ಅಂಚಿನಲ್ಲಿ ಇನ್ನೊಂದು ಸಾಲು ಇದೆ. ಸ್ಕೇಲ್ ಇಟ್ಟು ನಾವೇ ಎಳೆದಿದ್ದು. ಅದರಲ್ಲಿ ಅಂತರ ಬರೆಯುತ್ತೇವೆ. ದಮ್ಮು, ಸುಸ್ತು, ಬೆವರು, ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿದಂತಾಗುವುದು, ಇವುಗಳಲ್ಲಿ ಯಾವುದನ್ನು ಹೇಳಿದರೂ ಹೃದಯವನ್ನು ನೆನಪಿಸಿಕೊಳ್ಳುತ್ತೇವೆ. ಕಿಡ್ನಿ ಕಾಯಿಲೆ, ಸಕ್ಕರೆ ಕಾಯಿಲೆ ಎರಡೂ ಇರುವವರಲ್ಲಿ ಎಷ್ಟೋ ಸಲ ಎದೆನೋವು ಬರುವುದೇ ಇಲ್ಲ. ಹೃದಯಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೊಪೊನಿನ್ ಕೂಡ ಇವರಲ್ಲಿ ಮುಂಚಿನಿಂದಲೇ ಸ್ವಲ್ಪ ಜಾಸ್ತಿ ಇರಬಹುದು. ಹಾಗಾಗಿ ಒಂದೇ ರಿಪೋರ್ಟ್ ಸಾಲದು, ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ ಏರುತ್ತಿದೆಯಾ ಅಂತ ಹೋಲಿಸುತ್ತಾರೆ.

ಮತ್ತೆ, ಎರಡು ದಿನದ ಬಿಡುವಿನ ನಂತರ ಬರುವವರನ್ನು ನಾನು ಬಾಗಿಲಲ್ಲೇ ಮಾತಾಡಿಸುತ್ತೇನೆ. ಹೃದಯಕ್ಕೆ ಹೆಚ್ಚು ಅಪಾಯದ ದಿನ ಅದೇ. ತೂಕದ ಯಂತ್ರಕ್ಕೆ ಹತ್ತಿಸುವ ಮುಂಚೆ ಕೇಳುತ್ತೇನೆ: "ಹೋದ ಸಲ ನೀರು ತೆಗೆದ ಮಾರನೇ ದಿನ ಹೇಗಿದ್ರಿ?"