ಟ್ಯೂಲಿಪ್ ಮೊಳಕ್ಕೆ ಎಷ್ಟು?

"ಆರೂವರೆ ಅಂದ್ರೆ ಆರೂವರೆನೇ ಅಮ್ಮ. ನಮ್ಮೂರಿನ ಆರೂವರೆ ಅಲ್ಲ."

ಮಗಳು ರಾತ್ರಿ ಮಲಗುವ ಮೊದಲೇ ಮೂರು ಸಲ ಹೇಳಿದ್ದಳು. ಜರ್ಮನಿಯ ಡುಸೆಲ್‌ಡಾರ್ಫ್ ರೈಲು ನಿಲ್ದಾಣದ ಹತ್ತಿರ ಬಸ್ ಬರುತ್ತದೆ, ಗುರುವಾರ ಅವಳಿಗೆ ಆಫೀಸು, ಹಾಗಾಗಿ ನಾನು ಮತ್ತು ಇವರು ಇಬ್ಬರೇ ಹೋಗಬೇಕು. ನಾನು ಐದಕ್ಕೇ ಎದ್ದು ತುಮಕೂರಿನಿಂದ ತಂದ ಗೊಜ್ಜಿನಲ್ಲಿ ಪುಳಿಯೋಗರೆ ಕಲಸಿದೆ. ನಾಲ್ಕು ಚಪಾತಿ, ಸ್ವಲ್ಪ ಚಟ್ನಿಪುಡಿ, ಒಂದು ಫ್ಲಾಸ್ಕ್ ಕಾಫಿ. ಏಪ್ರಿಲ್ ಮಧ್ಯ ಅಂದರೆ ಇಲ್ಲಿಯವರಿಗೆ ವಸಂತವಂತೆ. ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡೆ.

ಟ್ಯೂಲಿಪ್ ನೋಡಬೇಕು ಅಂದಿದ್ದು ನಾನೇ. ಚಿಕ್ಕವಳಿದ್ದಾಗ ತವರು ಮನೆಯ ನಡುಮನೆಯಲ್ಲಿ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಒಂದಿತ್ತು. ಒಂದು ಗಾಳಿಗಿರಣಿ, ಅದರ ಮುಂದೆ ಕೆಂಪು ಹೂವಿನ ಸಾಲು. ವರ್ಷ ಮುಗಿದರೂ ಅಪ್ಪ ಅದನ್ನು ತೆಗೆಯಲಿಲ್ಲ. ಅದು ಹಾಲೆಂಡ್ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಬಸ್ಸಿನ ತುಂಬ ನಮ್ಮ ವಯಸ್ಸಿನವರೇ. ಬಿಳಿ ತಲೆಗಳ ನಡುವೆ ನನ್ನದೊಂದೇ ಡೈ ಮಾಡಿದ ತಲೆ. ಜೊತೆಗೆ ಬಂದ ಗೈಡ್ ಹೆಂಗಸು ಜರ್ಮನ್ ಭಾಷೆಯಲ್ಲಿ ಹತ್ತು ನಿಮಿಷ ಮಾತಾಡಿ, ನಮ್ಮ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳುತ್ತಿದ್ದರು. ಅದರಲ್ಲಿ ಒಂದನ್ನು ಒತ್ತಿ ಹೇಳಿದರು. ಮಧ್ಯಾಹ್ನ ಮೂರೂವರೆಗೆ ಎಲ್ಲರೂ ಬಸ್ಸಿನಲ್ಲಿ ಇರಬೇಕು. ಯುರೋಪಿನಲ್ಲಿ ಬಸ್ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ತೆಗೆದುಕೊಳ್ಳಲೇಬೇಕು, ದಿನಕ್ಕೆ ಇಷ್ಟೇ ಗಂಟೆ ಅಂತ ಲೆಕ್ಕ, ಗಾಡಿಯಲ್ಲಿರುವ ಯಂತ್ರ ಎಲ್ಲವನ್ನೂ ಬರೆದುಕೊಳ್ಳುತ್ತದೆ. ನಾವು ತಡ ಮಾಡಿದರೆ ಪೆಟ್ಟು ಅವರಿಗೆ. ಇವರು ಬ್ಯಾಂಕಿನಲ್ಲಿ ಇದ್ದವರು, ಲೆಕ್ಕ ಅಂದ ಕೂಡಲೇ ತಲೆಯಾಡಿಸಿದರು. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ದಾರಿಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಮೂರು ಗಂಟೆ ಹೆದ್ದಾರಿ. ಹಾಲೆಂಡಿನ ಗಡಿ ಬಂತು ಅಂತ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಕೂತೆ. ಒಂದು ನೀಲಿ ಬೋರ್ಡ್ ಬಂತು, ಹೋಯಿತು, ಅಷ್ಟೇ. ಆಮೇಲೆ ನೆಲ ದೋಸೆಕಲ್ಲಿನ ಹಾಗೆ ಮಟ್ಟಸ. ನಮ್ಮಲ್ಲಿ ಹೊಲಕ್ಕೂ ಹೊಲಕ್ಕೂ ನಡುವೆ ಬದು ಇರುವ ಕಡೆ ಇಲ್ಲಿ ನೀರಿನ ಕಾಲುವೆ. ಈ ದೇಶದ ಕಾಲು ಭಾಗದಷ್ಟು ನೆಲ ಸಮುದ್ರ ಮಟ್ಟಕ್ಕಿಂತ ಕೆಳಗೆ ಇದೆಯಂತೆ. ಆ ನೀರನ್ನು ಎತ್ತಿ ಹೊರಗೆ ಹಾಕುವುದಕ್ಕೇ ಗಾಳಿಗಿರಣಿ ಬೇಕಾಗಿದ್ದು. ನಾನು ಇಷ್ಟು ದಿನ ರಾಗಿ ಬೀಸುವುದಕ್ಕೆ ಅಂದುಕೊಂಡಿದ್ದೆ. ಬೀಸುವುದಕ್ಕೂ ಹೌದಂತೆ, ರಾಗಿಯನ್ನಲ್ಲ.

ಹತ್ತು ಗಂಟೆಗೆ ಲಿಸ್ಸೆ ಎಂಬ ಊರು. ಅಲ್ಲೇ ಕ್ಯೂಕೆನ್‌ಹಾಫ್ ತೋಟ.

ಹೆಸರು ಕೇಳಿ ಅರಮನೆಯ ಗತ್ತು ಇರಬೇಕು ಅನಿಸಿತ್ತು. ಕ್ಯೂಕೆನ್ ಅಂದರೆ ಅಡುಗೆಮನೆ. ಹಾಫ್ ಅಂದರೆ ಅಂಗಳ, ತೋಟ. ನಮ್ಮ ಮಾತಿನಲ್ಲಿ ಹೇಳಿದರೆ ಹಿತ್ತಲು! 15ನೇ ಶತಮಾನದಲ್ಲಿ ಇದು ಜಾಕೋಬಾ ಎಂಬ ರಾಣಿಯಂಥ ಹೆಂಗಸಿಗೆ ಸೇರಿದ ಕಾಡು. ಕೋಟೆಯ ಅಡುಗೆಗೆ ಬೇಕಾದ ಸೊಪ್ಪು, ಹಣ್ಣು ಇಲ್ಲಿಂದ ಹೋಗುತ್ತಿತ್ತು. 1857ರಲ್ಲಿ ಝೋಕರ್ ಎಂಬ ಅಪ್ಪ ಮಗ ಸೇರಿ ಇದನ್ನು ಉದ್ಯಾನವಾಗಿ ಮಾಡಿದರು. ಹೂವಿನ ಪ್ರದರ್ಶನ ಮಾತ್ರ ಈಚಿನದು. 1949ರಲ್ಲಿ ಹೂವಿನ ಗೆಡ್ಡೆ ಬೆಳೆಯುವ, ಮಾರುವ ಇಪ್ಪತ್ತು ಜನ ಸೇರಿ ನಮ್ಮ ಸರಕು ತೋರಿಸೋಣ ಅಂತ ಶುರು ಮಾಡಿದರು. 1950ರಲ್ಲಿ ಬಾಗಿಲು ತೆರೆದ ಮೊದಲ ವರ್ಷವೇ ಎರಡು ಲಕ್ಷಕ್ಕಿಂತ ಜಾಸ್ತಿ ಜನ ಬಂದರು. ಅಂದರೆ ಇದು ನಿಜವಾಗಿ ಒಂದು ಅಂಗಡಿ. ಹೊರಗಿನ ಗಾಜಿನ ಬೀರುವಿನಲ್ಲಿ ಸೀರೆ ಉಡಿಸಿ ನಿಲ್ಲಿಸುತ್ತಾರಲ್ಲ, ಹಾಗೆ.

"32 ಹೆಕ್ಟೇರ್ ಅಂದ್ರೆ ಸುಮಾರು 80 ಎಕರೆ ಕಣೆ," ಅಂದರು ಇವರು. "ನಮ್ಮ ಲಾಲ್‌ಬಾಗ್ 240. ಅದರ ಮೂರನೇ ಒಂದು ಭಾಗ."

"ಸರಿ ರೀ, ಒಳಗೆ ಹೋಗೋಣ ಬನ್ನಿ."

ಒಳಗೆ ಕಾಲಿಟ್ಟಾಗ ಮೊದಲು ಬಂದಿದ್ದು ಬಣ್ಣ ಅಲ್ಲ, ವಾಸನೆ. ಹಯಸಿಂತ್ ಅಂತ ಒಂದು ಹೂವು. ಸುಗಂಧರಾಜದ ಗಾಢ ವಾಸನೆಗೆ ಸ್ವಲ್ಪ ಜೇನು ಬೆರೆಸಿದ ಹಾಗೆ. ಒಂದೇ ದಂಟಿಗೆ ಒಂದೇ ಬಣ್ಣದ ಪುಟ್ಟ ಹೂಗಳು ಒತ್ತಾಗಿ ಅಂಟಿಕೊಂಡಿರುತ್ತವೆ, ನೀಲಿ, ಬಿಳಿ ಇಲ್ಲವೇ ಗುಲಾಬಿ. ಕಣ್ಣು ಮುಚ್ಚಿದೆ, ಮದುವೆ ಮಂಟಪ ನೆನಪಾಯಿತು. ಅದರ ಆಚೆ ತಿರುವಿನಲ್ಲಿ ಟ್ಯೂಲಿಪ್.

ಹೇಗೆ ಹೇಳಲಿ? ಫೋಟೋದಲ್ಲಿ ಎಲ್ಲರೂ ನೋಡಿದ್ದೇ. ಆದರೆ ಫೋಟೋದಲ್ಲಿ ಗೊತ್ತಾಗದ ಒಂದು ವಿಷಯ ಅಂದರೆ ಅದರ ಒಳಗಿನ ಬೆಳಕು. ಬಿಸಿಲು ಹಿಂದಿನಿಂದ ಬಿದ್ದಾಗ ಎಸಳು ತೆಳ್ಳಗಿನ ರೇಷ್ಮೆಯ ಹಾಗೆ ಆಗಿ, ಹೂವೊಳಗೆ ದೀಪ ಹಚ್ಚಿಟ್ಟಂತೆ ಕಾಣುತ್ತದೆ. ಮೋಡ ಬಂದ ಕೂಡಲೇ ದೀಪ ಆರುತ್ತದೆ. ಆ ದಿನ ಮೋಡ, ಬಿಸಿಲು, ಒಂದು ಹನಿ ಮಳೆ, ಮತ್ತೆ ಬಿಸಿಲು. ಹಾಗಾಗಿ ತೋಟಕ್ಕೆ ತೋಟವೇ ಹತ್ತಿ ಆರಿ ಹತ್ತುತ್ತಿತ್ತು. ಅಂಚು ಸೀಳಿದ್ದು, ತಾವರೆಯ ಹಾಗೆ ತುಂಬು ಎಸಳಿನದು, ನೇರಳೆ ಹಣ್ಣಿನಷ್ಟು ಕಪ್ಪು. ಆ ಕಪ್ಪು ಹೂವಿಗೆ ರಾತ್ರಿ ರಾಣಿ ಅಂತಲೇ ಹೆಸರು. ನಮ್ಮ ರಾತ್ರಿರಾಣಿಗೆ ಮಾತ್ರ ಘಮ ಇದೆ, ಇದಕ್ಕಿಲ್ಲ.

ಇಲ್ಲಿ ಪ್ರತಿ ವರ್ಷ 70 ಲಕ್ಷ ಗೆಡ್ಡೆ ನೆಡುತ್ತಾರೆ. ಎಲ್ಲ ಕೈಯಲ್ಲೇ. ಚಳಿಗಾಲಕ್ಕೆ ಮೊದಲು ನಲವತ್ತು ಜನ ತೋಟದವರು ಕೂತು ನೆಟ್ಟರೆ, ತೋಟ ತೆರೆದಿರುವುದು ಮಾರ್ಚ್ ಕೊನೆಯಿಂದ ಬರೀ ಎಂಟು ವಾರ. ಎಂಟು ವಾರವೂ ಹೂವು ಇರಬೇಕಲ್ಲ, ಅದಕ್ಕೆ ಒಂದು ಉಪಾಯ. ಒಂದೇ ಗುಂಡಿಯಲ್ಲಿ ಪದರ ಪದರವಾಗಿ ಗೆಡ್ಡೆ ಇಡುತ್ತಾರೆ. ತಡವಾಗಿ ಅರಳುವ ಟ್ಯೂಲಿಪ್ ಕೆಳಗೆ, ಬೇಗ ಅರಳುವುದು ಅದರ ಮೇಲೆ, ಎಲ್ಲಕ್ಕಿಂತ ಮೊದಲು ಬರುವ ಕ್ರೋಕಸ್ ಎಂಬ ಪುಟ್ಟ ಹೂವಿನದು ಮೇಲ್ಗಡೆ. ಒಂದು ಬಾಡುವ ಹೊತ್ತಿಗೆ ಅದೇ ಜಾಗದಲ್ಲಿ ಇನ್ನೊಂದು ತಲೆ ಎತ್ತುತ್ತದೆ. ಗೆಡ್ಡೆಗೆ ಚಳಿ ತಾಗದಿದ್ದರೆ ಹೂವಿಲ್ಲ. "ಎರಡು ಗೆಡ್ಡೆ ತಗೊಂಡು ಹೋಗಿ ತುಮಕೂರಲ್ಲಿ ನೆಡೋಣ್ವಾ" ಅಂತ ನಾನು ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಅಲ್ಲೇ ಮುಗಿಯಿತು. ನಮ್ಮ ದೇಶದಲ್ಲಿ ದೊಡ್ಡ ಟ್ಯೂಲಿಪ್ ತೋಟ ಇರುವುದು ಶ್ರೀನಗರದಲ್ಲಿ. ಯಾಕೆ ಅಂತ ಈಗ ಅರ್ಥವಾಯಿತು.

ಒಂದು ಗಂಟೆ ನಡೆದ ಮೇಲೆ ಏನೋ ಕಸಿವಿಸಿ. ಏನು ಅಂತ ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಇಷ್ಟು ಹೂವಿದೆ, ಇಷ್ಟು ಹೆಂಗಸರಿದ್ದಾರೆ, ಒಬ್ಬರ ತಲೆಯಲ್ಲೂ ಹೂವಿಲ್ಲ. ಮುಟ್ಟುವ ಹಾಗೂ ಇಲ್ಲ, ಸರಿಯೇ. ಲಾಲ್‌ಬಾಗಿನಲ್ಲೂ ಕೀಳುವ ಹಾಗಿಲ್ಲ. ಆದರೆ ಲಾಲ್‌ಬಾಗಿನ ಗೇಟಿನಿಂದ ಹೊರಗೆ ಬಂದರೆ ಮಲ್ಲಿಗೆ, ಕನಕಾಂಬರ ಮೊಳ ಹಾಕಿ ಕೊಡುವವರು ಸಿಗುತ್ತಾರೆ. ನನಗೆ ಹೂವು ಅಂದರೆ ಅಳತೆ: ಮೊಳ, ಮಾರು. ಮೊಳಕ್ಕೆ ಎಷ್ಟು ಅಂತ ಕೇಳಿ, ಚೌಕಾಸಿ ಮಾಡಿ, ಮುಡಿದು, ಉಳಿದಿದ್ದನ್ನು ದೇವರಿಗೆ ಹಾಕಿ, ಮಾರನೇ ದಿನ ಗಿಡದ ಬುಡಕ್ಕೆ ಹಾಕಿದರೆ ಹೂವಿನ ಋಣ ತೀರಿದ ಹಾಗೆ. ಬರೀ ನೋಡಿ ಮುಂದೆ ಹೋಗುವ ಹೂವಿನ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ನನಗೆ ಗೊತ್ತಿಲ್ಲ. ಸತ್ಯ ಹೇಳುತ್ತೇನೆ, ಕೈ ತುರಿಸಿತು.

ಬೆಂಚಿನ ಮೇಲೆ ಕೂತು ಪುಳಿಯೋಗರೆ ತಿಂದೆವು. ಎದುರಿನ ಗಾಡಿಯಲ್ಲಿ ಪೊಫರ್ಚೆಸ್ ಮಾಡುತ್ತಿದ್ದರು. ನಾನು ಹತ್ತಿರ ಹೋಗಿ ನೋಡಿದರೆ ನಮ್ಮ ಪಡ್ಡಿನ ಕಾವಲಿಯೇ! ಅದೇ ಗುಳಿ, ಅದೇ ಹಿಟ್ಟು ಹೊಯ್ಯುವುದು, ಅದೇ ಕಡ್ಡಿಯಲ್ಲಿ ತಿರುಗಿಸಿ ಹಾಕುವುದು. ಮೇಲೆ ಬೆಣ್ಣೆ, ಸಕ್ಕರೆ ಪುಡಿ. ಒಂದು ತಟ್ಟೆ ತೆಗೆದುಕೊಂಡೆವು. ಚೆನ್ನಾಗಿತ್ತು. ಈರುಳ್ಳಿ, ಹಸಿಮೆಣಸಿನಕಾಯಿ ಬಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಇವರಿಗೆ ಹೂವಿಗಿಂತ ಹಿಡಿಸಿದ್ದು ಒಂದು ಮನೆಯೊಳಗೆ ಇಟ್ಟಿದ್ದ ಟ್ಯೂಲಿಪ್ ಹುಚ್ಚಿನ ಕಥೆ. ಟ್ಯೂಲಿಪ್ ಹಾಲೆಂಡಿನದಲ್ಲ, ತುರ್ಕಿಯ ಕಡೆಯಿಂದ ಬಂದಿದ್ದು. ಹೆಸರೂ ಅಲ್ಲಿಯ ರುಮಾಲಿನ ಹೆಸರಿನಿಂದ. 1590ರ ದಶಕದಲ್ಲಿ ಕ್ಲೂಸಿಯಸ್ ಎಂಬ ಪಂಡಿತ ಇಲ್ಲೇ ಪಕ್ಕದ ಲೈಡನ್‌ನಲ್ಲಿ ನೆಟ್ಟ. ನಲವತ್ತು ವರ್ಷದಲ್ಲಿ ಜನ ಹುಚ್ಚಾದರು. ಗೆಡ್ಡೆ ಇನ್ನೂ ಮಣ್ಣಿನೊಳಗೆ ಇರುವಾಗಲೇ ಬರೀ ಚೀಟಿಯ ಮೇಲೆ ಕೈಯಿಂದ ಕೈಗೆ ಮಾರಿದರು. ಒಂದೊಂದು ಗೆಡ್ಡೆಗೆ ಒಂದು ಮನೆಯ ಬೆಲೆ ಅಂತ ಹೇಳುತ್ತಾರೆ. 1637ರ ಫೆಬ್ರವರಿಯಲ್ಲಿ ಕೊಳ್ಳುವವರಿಲ್ಲದೆ ಎಲ್ಲ ಕುಸಿಯಿತು. ಆಗ ಎಲ್ಲಕ್ಕಿಂತ ದುಬಾರಿಯಾಗಿದ್ದುದು ಕೆಂಪು ಬಿಳಿ ಪಟ್ಟೆಯ ಹೂವು. ಆ ಪಟ್ಟೆ ಬರುವುದು ಸಸ್ಯಹೇನು ಹರಡುವ ಒಂದು ವೈರಸ್ಸಿನಿಂದ ಅಂತ ಗೊತ್ತಾಗಿದ್ದು ಇಪ್ಪತ್ತನೇ ಶತಮಾನದಲ್ಲಿ.

"ರೋಗದ ಗಿಡವನ್ನ ಅಡ ಇಟ್ಕೊಂಡು ಸಾಲ ಕೊಟ್ಟ ಹಾಗೆ," ಅಂತ ಇವರು ನಕ್ಕೇ ನಕ್ಕರು. ಬ್ಯಾಂಕಿನಲ್ಲಿ ಇಂಥದ್ದು ಎಷ್ಟು ನೋಡಿದ್ದರೋ.

ಆಮೇಲೆ ಗಾಳಿಗಿರಣಿ ಹತ್ತಿದೆವು. 1892ರದು, ಉತ್ತರದ ಗ್ರೋನಿಂಗೆನ್‌ನಿಂದ 1957ರಲ್ಲಿ ತಂದು ಇಲ್ಲಿ ನಿಲ್ಲಿಸಿದ್ದು. ಮೇಲೆ ನಿಂತರೆ ತೋಟದ ಬೇಲಿಯಾಚೆ ಹೊಲ ಕಾಣುತ್ತದೆ. ಒಂದು ಪಟ್ಟಿ ಕೆಂಪು, ಒಂದು ಹಳದಿ, ಒಂದು ನೇರಳೆ. ಅಪ್ಪನ ಕ್ಯಾಲೆಂಡರ್! ಅದೇ. ನಾನು ಅಲ್ಲಿ ನಿಂತುಬಿಟ್ಟೆ. ಇವರು ಗಡಿಯಾರ ನೋಡಿದಾಗ ಮೂರೂ ಹತ್ತು.

ಓಡಿದೆವು ಅನ್ನುವುದು ಸ್ವಲ್ಪ ಜಾಸ್ತಿ. ಅರವತ್ತು ದಾಟಿದ ಮಂಡಿಗಳು ಎಷ್ಟು ಓಡುತ್ತವೋ ಅಷ್ಟು. ಬಸ್ಸು ನಿಲ್ಲಿಸುವ ಜಾಗಕ್ಕೆ ಬಂದರೆ ಸಾಲು ಸಾಲು ಬಿಳಿ ಬಸ್ಸು.

"ಬಸ್ಸಿನ ನಂಬರ್ ಏನು ರೀ?"

"ಬಿಳಿ ಬಸ್ಸು. ನಾನು ಗುರುತು ಇಟ್ಕೊಂಡಿದ್ದೀನಿ."

ಏನು ಗುರುತು ಇಟ್ಟುಕೊಂಡಿದ್ದರೋ ದೇವರಿಗೇ ಗೊತ್ತು. ಪೋಲೆಂಡಿನ ಬಸ್ಸೊಂದನ್ನು ಹತ್ತಿ, ಇಳಿದು, ಮಗಳಿಗೆ ಫೋನ್ ಮಾಡಿ ಬೈಸಿಕೊಂಡು, ಕೊನೆಗೆ ಗೈಡ್ ಹೆಂಗಸೇ ಛತ್ರಿ ಎತ್ತಿ ಕರೆಯುವಾಗ ಮೂರು ನಲವತ್ನಾಲ್ಕು. ಬಸ್ಸಿನಲ್ಲಿ ಒಬ್ಬರೂ ಒಂದು ಮಾತೂ ಆಡಲಿಲ್ಲ. ಅದೇ ಕಷ್ಟ. ನಮ್ಮೂರಿನಲ್ಲಾಗಿದ್ದರೆ ನಾಲ್ಕು ಜನ ರೇಗುತ್ತಿದ್ದರು, ನಾವೂ ರೇಗುತ್ತಿದ್ದೆವು, ಮುಗಿದುಹೋಗುತ್ತಿತ್ತು. ಡ್ರೈವರ್ ಸುಮ್ನೆ ಗಡಿಯಾರ ನೋಡಿಕೊಂಡರು. ನನಗೆ ತಲೆ ಎತ್ತಲಾಗಲಿಲ್ಲ.

ಹತ್ತು ನಿಮಿಷ ಹೋಗಿ ಹೊಲದ ಪಕ್ಕ ಬಸ್ಸು ನಿಂತಿತು, ಫೋಟೋಗೆ. ರಸ್ತೆಯ ಒಂದು ಕಡೆ ಹೂವು ತುಂಬಿದ ಹೊಲ. ಇನ್ನೊಂದು ಕಡೆ ಹಸಿರು ದಂಟು ಮಾತ್ರ, ತಲೆಗಳೇ ಇಲ್ಲ. ಕಡಿದ ಹೂವು ಸಾಲಿನ ನಡುವೆ ಬಿದ್ದಿತ್ತು. ಯಾರೋ ಪುಂಡರು ಮಾಡಿದ್ದಾರೆ ಅಂದುಕೊಂಡೆ. ಅಲ್ಲವಂತೆ, ಬೆಳೆದವರೇ ಯಂತ್ರ ಓಡಿಸಿ ಕಡಿಯುತ್ತಾರೆ. ಇಲ್ಲಿ ಬೆಳೆ ಹೂವಲ್ಲ, ಗೆಡ್ಡೆ. ಹೂವು ಅರಳಿ, ಜಾತಿ ಸರಿಯಾಗಿದೆಯಾ, ರೋಗ ಇದೆಯಾ ಅಂತ ನೋಡಿಕೊಂಡ ಮೇಲೆ ತಲೆ ತೆಗೆದುಬಿಡಬೇಕು. ಆಗ ಗಿಡದ ಸತ್ವ ಬೀಜಕ್ಕೆ ಹೋಗದೆ ಗೆಡ್ಡೆಗೆ ಇಳಿಯುತ್ತದೆ. ನನ್ನ ತವರು ಚಿತ್ರದುರ್ಗದ ಕಡೆ, ಈರುಳ್ಳಿ ಬೆಳೆಯುವವರು. ಈರುಳ್ಳಿ ಹೂವಿನ ದಂಟು ಬಿಟ್ಟರೆ ಗೆಡ್ಡೆ ಕೆಟ್ಟಿತು ಅಂತ ಅಪ್ಪ ಗೊಣಗುವುದು ಕೇಳಿಯೇ ಬೆಳೆದವಳು. ಲೆಕ್ಕ ಅರ್ಥವಾಯಿತು. ಆದರೂ ಅಷ್ಟು ಹೂವು ನೆಲದಲ್ಲಿ ಬಿದ್ದಿದ್ದು ನೋಡಲು ಆಗಲಿಲ್ಲ. ಮುಖ ತಿರುಗಿಸಿದೆ.

ತಿರುಗಿಸಿದ ಕಡೆ ಒಂದು ಪುಟ್ಟ ಹೂವಿನ ಅಂಗಡಿ. ಬಕೆಟ್ಟಿನಲ್ಲಿ ಟ್ಯೂಲಿಪ್ ಕಟ್ಟು. ಮೇಲೆ ಮೊಳೆಗೆ ನೇತು ಹಾಕಿದ್ದು ಹಾರ!

ನಿಜವಾದ ಹಾರ. ಹಯಸಿಂತ್‌ನ ಬಿಡಿ ಹೂವನ್ನು ದಾರಕ್ಕೆ ಪೋಣಿಸಿದ್ದು. ನೀಲಿ ಸ್ವಲ್ಪ, ಬಿಳಿ ಸ್ವಲ್ಪ, ಗುಲಾಬಿ ಸ್ವಲ್ಪ. ಕೈಗೆ ತೆಗೆದುಕೊಂಡು ನೋಡಿದೆ. ಸೂಜಿ ಪೋಣಿಸುವಿಕೆ, ನಮ್ಮಂತೆ ನಾರಿನ ಕಟ್ಟಲ್ಲ. ಕೈ ಹೊಸದು ಅಂತ ಕಾಣುತ್ತದೆ, ಅಲ್ಲಲ್ಲಿ ಸಡಿಲ. ಗೈಡ್ ಹೇಳಿದರು, ಇದು ಈ ಕಡೆಯ ಹಳೆಯ ವಾಡಿಕೆ. ಹೊಲದಲ್ಲಿ ಕಡಿದ ಹೂವನ್ನು ಪೋಣಿಸಿ ರಸ್ತೆ ಬದಿಯಲ್ಲಿ ಮಾರುತ್ತಿದ್ದರು, ಹೂವು ನೋಡಲು ಬಂದ ಪಟ್ಟಣದವರು ಕಾರಿನ ಮುಂದೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು.

ಕಾರಿನ ಮುಂದೆ! ಆಯುಧ ಪೂಜೆಯ ಹಾಗೆ!

ಮೊಣಕೈಯಿಂದ ಅಳೆದೆ. ಎರಡೂವರೆ ಮೊಳ. ಅಂಗಡಿಯ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಐದು ಯೂರೋ ಅಂದಳು. "ಮೊಳಕ್ಕೆ ಎರಡು ಯೂರೋ ಬಿತ್ತಲ್ಲೇ," ಅಂದರು ಇವರು. ಚೌಕಾಸಿ ಮಾಡುವ ಭಾಷೆ ಬರಲಿಲ್ಲ, ಕೊಟ್ಟೆ. ಎರಡು ತೆಗೆದುಕೊಂಡೆ. ಒಂದರಿಂದ ಒಂದು ಗೇಣು ಬಿಡಿಸಿ ಜಡೆಗೆ ಸಿಕ್ಕಿಸಿಕೊಂಡೆ.

ಈ ಸಲ ಬಸ್ಸಿಗೆ ಎಲ್ಲರಿಗಿಂತ ಮೊದಲು ಹತ್ತಿದ್ದು ನಾವೇ. ಇನ್ನೊಂದು ಹಾರವನ್ನು ಡ್ರೈವರ್ ಕೈಗೆ ಕೊಟ್ಟು, "ಲೇಟ್, ಸಾರಿ," ಅಂದೆ. ಅವರಿಗೆ ಏನು ಮಾಡಬೇಕು ತಿಳಿಯಲಿಲ್ಲ. ಎರಡು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದರು, ಇವರ ಮುಖ ನೋಡಿದರು. ನಾನು ಮುಂದಿನ ಗಾಜಿನ ಕೆಳಗೆ ಬೆರಳು ತೋರಿಸಿದೆ. ನಿಧಾನವಾಗಿ ಅಲ್ಲಿ ಉದ್ದಕ್ಕೆ ಹಾಸಿದರು. ಒಂದು ತುದಿ ಜಾರಿತು, ಎದ್ದು ಸರಿ ಮಾಡಿದರು.

ಬಸ್ಸು ಹೊರಟ ಐದು ನಿಮಿಷಕ್ಕೆ ಒಳಗೆಲ್ಲ ಹಯಸಿಂತ್ ಘಮ ತುಂಬಿತು. ಹಿಂದಿನ ಸೀಟಿನ ಅಜ್ಜಿ ನನ್ನ ಜಡೆ ಮುಟ್ಟಿ ಏನೋ ಹೇಳಿ ನಕ್ಕರು.

"ಈಗ ಬಸ್ಸು ಬಸ್ಸಿನ ಹಾಗಾಯ್ತು ನೋಡಿ," ಅಂದೆ.

"ಊದಿನಕಡ್ಡಿ ಒಂದು ಬಾಕಿ," ಅಂದು ಇವರು ಕಣ್ಣು ಮುಚ್ಚಿದರು.